ಪರರ ಪಾಲಿನ ಕ್ಷಮೆ

ಕ್ಷಮೆಯನ್ನು ಹೊಗಳದ ಶಾಸ್ತ್ರವಿಲ್ಲ; ಹೊಗಳದ ಹಿರಿಯರೂ ಇಲ್ಲ. ಆದರೆ ಕ್ಷಮಿಸುವ ಅಧಿಕಾರವು ಯಾರಿಗೆ ಸೇರಿದ್ದೆಂಬ ಪ್ರಶ್ನೆಯನ್ನು ಎತ್ತುವವರು ವಿರಳ. ನೊಂದವನೊಬ್ಬನು, ಕ್ಷಮಿಸುವವನು ಮತ್ತೊಬ್ಬನು ಆದರೆ ಅದು ಕ್ಷಮೆಯೆನಿಸೀತೆ? ಈ ತಿಂಗಳು ವಾಚಕರೊಡನೆ ಇದನ್ನು ಕುರಿತು ನಾಲ್ಕು ಮಾತನಾಡಬೇಕೆಂದಿದ್ದೇವೆ. ಅದಕ್ಕಾಗಿ ಆರಿಸಿಕೊಂಡ ದೃಷ್ಟಾಂತವು ಗಣಕಯಂತ್ರದ ಮೇಲೆ ಆಡುವ ಒಂದು ಆಟದ್ದು. ಕೆಲವರು ನಕ್ಕಾರು; ನಗಲಿ. ಮಕ್ಕಳು ನಿದ್ರೆಗೆಟ್ಟು ಆಡುವ ಆಟದೊಳಗೆ ಏನಿದೆಯೆಂದು ವಿಚಾರಿಸದೆ ಅದನ್ನು ಹಳಿಯುವುದಕ್ಕಿಂತ, ಪಕ್ಕದಲ್ಲಿ ಕುಳಿತು ಒಮ್ಮೆ ನೋಡುವುದು ಲೇಸು. ನಮ್ಮ ಮನೆಯ ಹುಡುಗನು ಈ ಆಟವನ್ನು ಎರಡು ಬಾರಿ ಮುಗಿಸಿದನು. ಒಮ್ಮೆ ಖಳನನ್ನು ಕೊಂದು, ಒಮ್ಮೆ ಉಳಿಸಿ. ಎರಡನ್ನೂ ನಾವು ಕಂಡೆವು.

ಆಟದ ಹೆಸರು ‘ಡ್ರ್ಯಾಗನ್ ಏಜ್: ಒರಿಜಿನ್ಸ್’. ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯವರು ಇದನ್ನು ೨೦೦೯ರಲ್ಲಿ ಹೊರತಂದರು. ಕಥೆಯ ಮುಖ್ಯ ಲೇಖಕರು ಡೇವಿಡ್ ಗೈಡರ್ ಎಂಬವರು. ಇಲ್ಲಿ ಆಡುವವರು ಕಥೆಯ ಹೊರಗೆ ನಿಂತು ನೋಡುವುದಿಲ್ಲ. ತಾವೇ ಕಥಾನಾಯಕರ ಪಾತ್ರವನ್ನು ಧರಿಸುತ್ತಾರೆ. ಅವರು ಆಡುವ ಮಾತಿನಿಂದಲೂ ಕೊಡುವ ತೀರ್ಪಿನಿಂದಲೂ ಕಥೆಯು ಕವಲೊಡೆಯುತ್ತ ಹೋಗುವುದು.

ಫೆರೆಲ್ಡೆನ್ ಎಂಬುದೊಂದು ಕಲ್ಪಿತ ರಾಜ್ಯ. ನೆರೆಯ ಆರ್ಲೇ ಸಾಮ್ರಾಜ್ಯದವರು ಅದನ್ನು ಬಹುಕಾಲ ತುಳಿದು ಆಳಿದ್ದರು. ಆ ದಾಸ್ಯವನ್ನು ಕಿತ್ತೊಗೆದವರಲ್ಲಿ ಇಬ್ಬರು ಮುಖ್ಯರು. ಒಬ್ಬನು ರಾಜವಂಶದ ಮ್ಯಾರಿಕ್. ಮತ್ತೊಬ್ಬನು ರೈತನ ಮಗನಾದ ಲೋಗೇನ್. ಯುದ್ಧವು ಮುಗಿದ ಮೇಲೆ ಲೋಗೇನನು ದೇಶದ ಮಹಾವೀರನೆನಿಸಿದನು. ಅವನ ಮಗಳು ಅನೋರಾ ಮ್ಯಾರಿಕನ ಮಗನಾದ ಕೇಲನ್ ರಾಜನ ರಾಣಿಯಾದಳು. ಈ ಲೋಗೇನನೇ ನಮ್ಮ ಕಥೆಯ ಖಳನು.

ಭೂಗರ್ಭದಿಂದ ವಿಕೃತ ಪ್ರಾಣಿಗಳ ದಂಡೊಂದು ಮೇಲೆದ್ದು ರಾಜ್ಯವನ್ನು ಮುತ್ತುವುದು. ಅವನ್ನು ಎದುರಿಸುವುದಕ್ಕೆಂದೇ ‘ಗ್ರೇ ವಾರ್ಡನ್’ ಎಂಬ ವ್ರತಧಾರಿಗಳಾದ ಯೋಧರ ಪಂಗಡವೊಂದು ಉಂಟು. ಆಸ್ಟಗಾರ್ ಎಂಬಲ್ಲಿ ಯುದ್ಧ. ರಾಜನೂ ವಾರ್ಡನರೂ ಮುಂದೆ ನಿಂತು ಕಾದಬೇಕು. ಗೋಪುರದ ಮೇಲೆ ಬೆಂಕಿಯ ಸಂಕೇತವನ್ನು ಕಂಡೊಡನೆ ಲೋಗೇನನು ಸೈನ್ಯದೊಡನೆ ಪಕ್ಕದಿಂದ ನುಗ್ಗಬೇಕು. ಬೆಂಕಿ ಉರಿಯಿತು. ಲೋಗೇನನು ಅದನ್ನು ಕಂಡನು. ಕಂಡು, ಸೈನ್ಯವನ್ನು ಹಿಂದಿರುಗಿಸಿಕೊಂಡು ಹೊರಟುಹೋದನು. ರಾಜನು ಮಡಿದನು, ವಾರ್ಡನರ ನಾಯಕನಾದ ಡಂಕನನೂ ಮಡಿದನು. ಆ ರಣರಂಗದಿಂದ ಬದುಕಿ ಬಂದ ವಾರ್ಡನರು ಇಬ್ಬರೇ: ಒಬ್ಬರು ನಮ್ಮ ಆಟಗಾರರು, ಇನ್ನೊಬ್ಬನು ಆಲಿಸ್ಟರ್ ಎಂಬ ತರುಣ. ಇವನು ಮ್ಯಾರಿಕನಿಗೆ ವಿವಾಹದ ಹೊರಗೆ ಹುಟ್ಟಿದವನು. ತಂದೆಯ ಆಸರೆಯನ್ನು ಕಾಣದೆ ಬೆಳೆದವನು. ಡಂಕನನೇ ಇವನಿಗೆ ತಂದೆ, ಗುರು, ಸರ್ವಸ್ವ.

ಇಷ್ಟರಿಂದ ಲೋಗೇನನನ್ನು ದ್ರೋಹಿಯೆಂದು ಕೈತೊಳೆದುಕೊಳ್ಳುವಂತಿದ್ದರೆ ನಾವು ಈ ಆಟದ ಪ್ರಸ್ತಾಪವನ್ನೇ ಮಾಡುತ್ತಿರಲಿಲ್ಲ. ಕೇಲನನು ಕೀರ್ತಿಯ ಹುಚ್ಚು ಹಿಡಿದ ಅರಸ. ಪ್ರಾಣಿಗಳನ್ನು ತಡೆಯಲು ಆರ್ಲೇ ಸೈನ್ಯವನ್ನೇ ಕರೆಸಲು ಸಿದ್ಧನಾಗಿದ್ದವನು. ಯಾವ ಶತ್ರುವನ್ನು ಹೊರಗಟ್ಟಲು ಲೋಗೇನನು ಯೌವನವನ್ನೆಲ್ಲ ಸವೆಸಿದ್ದನೋ ಅದೇ ಶತ್ರುವಿಗೆ ಕೋಟೆಯ ಬಾಗಿಲನ್ನು ತೆರೆಯುವುದನ್ನು ಅವನು ಹೇಗೆ ಸಹಿಸಿಯಾನು? ಆಸ್ಟಗಾರಿನ ಯುದ್ಧವು ಆಗಲೇ ಸೋತ ಯುದ್ಧ, ಉಳಿದ ಸೈನ್ಯವನ್ನಾದರೂ ಉಳಿಸಿದೆನೆಂಬುದು ಅವನ ಸಮಾಧಾನ. ಆದರೆ ಒಂದು ತಪ್ಪನ್ನು ಮುಚ್ಚಲು ಹತ್ತು ತಪ್ಪುಗಳು ಬೇಕಾದುವು. ರಾಜನ ಮರಣವನ್ನು ವಾರ್ಡನರ ತಲೆಗೆ ಕಟ್ಟಿದನು. ಎದುರಾಡಬಲ್ಲ ಪ್ರಭುವೊಬ್ಬನಿಗೆ ವಿಷವಿಡಿಸಿದನು. ಅಂತರ್ಯುದ್ಧದ ವೆಚ್ಚಕ್ಕೆ ಹಣ ಸಾಲದಾಗಲು ರಾಜಧಾನಿಯ ಕೇರಿಯಲ್ಲಿ ಬಡತನದಿಂದ ಬಾಳುತ್ತಿದ್ದ ಎಲ್ಫ್ ಜನರನ್ನು ಟೆವಿಂಟರ್ ದೇಶದ ದಾಸವ್ಯಾಪಾರಿಗಳಿಗೆ ಮಾರಗೊಟ್ಟನು. ಇಷ್ಟನ್ನೂ ಮಾಡಿದ್ದು ದೇಶದ ಹೆಸರಿನಲ್ಲಿ. ಅದು ಬರಿಯ ನೆಪವಲ್ಲ, ಅವನು ಮನಸಾರ ನಂಬಿದ್ದ ಮಾತು. ದೇಶವನ್ನು ಪ್ರೀತಿಸದವನು ಕೆಟ್ಟರೆ ಆಶ್ಚರ್ಯವಿಲ್ಲ. ದೇಶವನ್ನು ಪ್ರೀತಿಸಿಯೂ ಈ ಮಟ್ಟಕ್ಕೆ ಇಳಿಯಬಹುದೆಂಬುದೇ ಇವನ ಕಥೆಯ ಭಯಂಕರತೆ.

ಕಡೆಗೆ ರಾಜಧಾನಿಯಲ್ಲಿ ಪ್ರಭುಗಳ ಮಹಾಸಭೆ ಸೇರುವುದು. ವಾಗ್ವಾದವು ದ್ವಂದ್ವಯುದ್ಧಕ್ಕೆ ತಿರುಗಿ ಲೋಗೇನನು ಸೋತು ಮಂಡಿಯೂರುವನು. ಆಗ ಹೊರಗಿನಿಂದ ಬಂದಿದ್ದ ರಿಯೋರ್ಡನ್ ಎಂಬ ಹಿರಿಯ ವಾರ್ಡನನು ಒಂದು ಸೂಚನೆಯನ್ನು ಮುಂದಿಡುವನು: ಇವನನ್ನು ಕೊಲ್ಲುವ ಬದಲು ವಾರ್ಡನನನ್ನಾಗಿ ಮಾಡಿರಿ, ನಮ್ಮಲ್ಲಿ ಜನ ಕಡಮೆ, ಇವನು ನುರಿತ ಸೇನಾನಿ, ದೀಕ್ಷೆಯಲ್ಲಿ ಸತ್ತರೆ ಸತ್ತನು, ಉಳಿದರೆ ನಮಗೆ ಲಾಭ. ಮಗಳು ಅನೋರಾ ತಂದೆಯ ಪ್ರಾಣವನ್ನು ಬೇಡುವಳು. ಆಲಿಸ್ಟರನು ಮಾತ್ರ ಒಪ್ಪನು. ವಾರ್ಡನನೆನಿಸಿಕೊಳ್ಳುವುದು ಅವನ ಪಾಲಿಗೆ ಡಂಕನನು ಕೊಟ್ಟ ಗೌರವ. ಡಂಕನನನ್ನು ಸಾವಿಗೆ ಬಿಟ್ಟು, ಸತ್ತ ಮೇಲೂ ಅಪವಾದವನ್ನು ಹೊರಿಸಿದವನಿಗೆ ಅದೇ ಗೌರವವನ್ನು ಹೊದಿಸುವುದೆ? ಆಟಗಾರರು ಈ ಮೂವರ ನಡುವೆ ನಿಂತು ಕೊಲ್ಲು ಅಥವಾ ಉಳಿಸು ಎನ್ನಬೇಕು. ಸೆರೆಮನೆಯೆಂಬ ಮೂರನೆಯ ದಾರಿಯಿಲ್ಲ.

ಕೊಂದರೆ ಮಗಳ ಕಣ್ಣೆದುರಿಗೇ ತಂದೆಯ ತಲೆ ಉರುಳುವುದು. ಆಲಿಸ್ಟರನು ಜೊತೆಯಲ್ಲಿ ಉಳಿಯುವನು. ಆದರೆ ರಿಯೋರ್ಡನನು ಸಭೆಯಲ್ಲಿ ಬಿಡಿಸಿ ಹೇಳದಿದ್ದ ಗುಟ್ಟೊಂದುಂಟು: ಪ್ರಾಣಿಗಳ ಒಡೆಯನಾದ ಮಹಾಸರ್ಪವನ್ನು ವಾರ್ಡನನೇ ಕೊಲ್ಲಬೇಕು, ಕೊಂದವನು ಆ ಕ್ಷಣವೇ ಸಾಯಬೇಕು. ತಪ್ಪಿಸಿಕೊಳ್ಳಲು ಒಂದು ಮಾಂತ್ರಿಕ ಉಪಾಯವುಂಟು; ಅದೂ ಬೆಲೆಯಿಲ್ಲದ್ದಲ್ಲ. ಉಳಿಸಿದ್ದರೆ ಲೋಗೇನನೇ ಆ ಕಡೆಯ ಪೆಟ್ಟನ್ನು ಹೊಡೆದು, ಪ್ರಾಣವನ್ನು ತೆತ್ತು, ಕಳೆದ ಮಾನವನ್ನು ಮರಳಿ ಪಡೆಯಬಹುದು. ಅವನು ಬದುಕಿದರೆ ವಾರ್ಡನರು ಅವನನ್ನು ಎಲ್ಲಿಗೆ ಕಳುಹಿಸುತ್ತಾರೆಂದು ಬಲ್ಲಿರಾ? ಜನ್ಮವೆಲ್ಲ ದ್ವೇಷಿಸಿದ ಆರ್ಲೇ ದೇಶಕ್ಕೇ, ಸೇವೆಗಾಗಿ. ೨೦೧೪ರಲ್ಲಿ ಬಂದ ‘ಡ್ರ್ಯಾಗನ್ ಏಜ್: ಇನ್ಕ್ವಿಸಿಷನ್’ ಎಂಬ ಆಟದಲ್ಲಿಯೂ ಅವನು ಮತ್ತೊಮ್ಮೆ ಪರಹಿತಕ್ಕಾಗಿ ಪ್ರಾಣವನ್ನು ಒಡ್ಡಲು ನಿಲ್ಲುವನು. ದಯೆಯು ಅವನ ಪಾಲಿಗೆ ವ್ಯರ್ಥವಾಗಲಿಲ್ಲವೆಂದು ಹೇಳಲೇಬೇಕು.

ಆಲಿಸ್ಟರನ ಗತಿಯೇನು? ಲೋಗೇನನನ್ನು ಉಳಿಸಿದೊಡನೆ ಅವನು ಪಂಗಡವನ್ನು ಬಿಟ್ಟು ಹೋಗುವನು. ಅವನು ರಾಜನಾಗದೆ ದೇಶಭ್ರಷ್ಟನಾದರೆ, ೨೦೧೧ರ ಎರಡನೆಯ ಆಟದಲ್ಲಿ ಪರದೇಶದ ಕರ್ಕ್‌ವಾಲ್ ನಗರದ ಹೆಂಡದಂಗಡಿಯೊಂದರಲ್ಲಿ ಕುಡಿದು ತೊದಲುತ್ತ ಕುಳಿತಿರುವನು. ಆ ನೋಟವನ್ನು ನಾವು ಬಹುದಿನ ಮರೆಯಲಾರದೆ ಹೋದೆವು. ದಯೆ ತೋರಿದವರು ಆಟಗಾರರು. ದಯೆ ಪಡೆದವನು ಲೋಗೇನನು. ಅದರ ಸಾಲವನ್ನು ತೀರಿಸಿದವನು ಆಲಿಸ್ಟರನು. ಹೀಗಿದ್ದರೂ ಅವನನ್ನು ಹುಡುಗುತನದವನೆಂದೂ ಹಟಮಾರಿಯೆಂದೂ ಹಳಿಯುವ ಆಟಗಾರರು ಉಂಟು. ನಮ್ಮ ಆಕ್ಷೇಪಣೆಯಿರುವುದು ಇಲ್ಲಿಯೇ.

ನಮ್ಮ ಭಾರತಕಥೆಯಲ್ಲಿಯೂ ಇಂತಹ ಸನ್ನಿವೇಶವೊಂದು ಬರುವುದು. ಅಶ್ವತ್ಥಾಮನು ರಾತ್ರಿಯಲ್ಲಿ ಶಿಬಿರವನ್ನು ಹೊಕ್ಕು ದ್ರೌಪದಿಯ ಐವರು ಮಕ್ಕಳನ್ನೂ ಕೊಂದನು. ಸೌಪ್ತಿಕಪರ್ವದಲ್ಲಿ ದ್ರೌಪದಿಯು ಅನ್ನವನ್ನು ತೊರೆದು ಕುಳಿತು ಅವನ ದಂಡನೆಯನ್ನು ಬೇಡುವಳು. ಅವನ ಶಿರೋಮಣಿಯನ್ನು ತಂದು ಅವಳ ಕೈಗೆ ಕೊಟ್ಟ ಮೇಲೆಯೇ ಅವಳು ಏಳುವುದು. ಭಾಗವತದ ಕಥನವು ಬೇರೆ. ಅಲ್ಲಿ ಅರ್ಜುನನು ಅವನನ್ನು ಕಟ್ಟಿ ತಂದು ನಿಲ್ಲಿಸಿದಾಗ, ತನ್ನಂತೆ ಇವನ ತಾಯಿಯೂ ಅಳುವುದು ಬೇಡವೆಂದು ದ್ರೌಪದಿಯೇ ಬಿಡಿಸುವಳು. ಒಂದರಲ್ಲಿ ಕೋಪ, ಇನ್ನೊಂದರಲ್ಲಿ ಕರುಣೆ. ಆದರೆ ಎರಡರಲ್ಲಿಯೂ ಸಮಾನವಾದ ಒಂದು ಅಂಶವನ್ನು ವಾಚಕರು ಗಮನಿಸಬೇಕು: ಆ ತಾಯಿಯ ತಲೆಯ ಮೇಲೆ ಹಾಯ್ದು ಯಾರೂ ವ್ಯವಹಾರವನ್ನು ಮುಗಿಸಲಿಲ್ಲ.

ದಂಡವು ರಾಜನದು, ಕ್ಷಮೆಯು ನೊಂದವರದು. ಇವೆರಡನ್ನೂ ಬೆರಸಬಾರದು. ರಾಜ್ಯದ ಹಿತವನ್ನು ನೋಡಿ ದಂಡವನ್ನು ಇಳಿಸುವುದಕ್ಕೆ ನ್ಯಾಯಾಸನದಲ್ಲಿ ಕುಳಿತವನಿಗೆ ಅಧಿಕಾರವುಂಟು; ನೊಂದವನ ಕೋಪವೇ ತೀರ್ಪಾಗಬೇಕೆಂದು ನಾವು ಹೇಳುವುದಿಲ್ಲ. ನಮ್ಮನ್ನು ಕೇಳಿದರೆ ಲೋಗೇನನ ತಲೆ ಉಳಿಯಲೆಂದೇ ಹೇಳಿಯೇವು. ಆದರೆ ಅದನ್ನು ಕ್ಷಮೆಯೆಂದು ಕರೆದು, ನಮ್ಮ ಔದಾರ್ಯಕ್ಕೆ ನಾವೇ ತಲೆದೂಗಿ, ಆಲಿಸ್ಟರನು ಏತಕ್ಕೆ ಒಪ್ಪಲಿಲ್ಲವೆಂದು ಸಿಡುಕುವುದು ಅನ್ಯಾಯ. ತನ್ನ ಪಾಲಿನ ಕ್ಷಮೆಯನ್ನು ಕೊಡದಿರಲು ಅವನು ಸ್ವತಂತ್ರನು.

ಇನ್ನೊಂದು ಮಾತುಂಟು. ಆ ಮಹಾಸಭೆಯಲ್ಲಿ ತೀರ್ಪಿನ ಮಾತನಾಡಿದವರೆಲ್ಲ ಪ್ರಭುಗಳು, ಯೋಧರು, ರಾಣಿ. ಮಾರಾಟವಾದ ಎಲ್ಫ್ ಜನರನ್ನು ಕೇಳಿದವರಾರು? ಅವರ ದುಃಖವು ಸಭೆಯಲ್ಲಿ ಸಾಕ್ಷ್ಯಕ್ಕೆ ಒದಗಿತೇ ಹೊರತು ತೀರ್ಪಿನ ಹೊತ್ತಿಗೆ ಯಾರ ನೆನಪಿಗೂ ಬಾರದೆ ಹೋಯಿತು. ಆಟವನ್ನು ರಚಿಸಿದವರು ಇದಕ್ಕೊಂದು ಕಿಂಡಿಯನ್ನು ಬಿಟ್ಟಿದ್ದಾರೆ. ಆಟಗಾರರು ಮೊದಲಿಗೆ ಆರು ಬಗೆಯ ಹುಟ್ಟುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಆ ಕೇರಿಯ ಎಲ್ಫ್ ಆಗಿಯೂ ಹುಟ್ಟಬಹುದು. ಹಾಗೆ ಹುಟ್ಟಿದವರಿಗೆ, ದಾಸವ್ಯಾಪಾರಿಗಳ ಪಂಜರದಲ್ಲಿ ಕಾಣುವ ಮುಖಗಳಲ್ಲೊಂದು ಸ್ವಂತ ತಂದೆಯದು. ಖಳನು ಅವನೇ, ಸಭೆಯು ಅದೇ. ಆದರೂ ಆ ಕೇರಿಯಲ್ಲಿ ಹುಟ್ಟಿದವರು ಉಳಿಸು ಎಂದರೆ ಅದರ ತೂಕವೇ ಬೇರೆ.

ಇದು ಆಟದ ಮಾತಾಯಿತು. ಮನೆಗಳಲ್ಲಿ ನಡೆಯುವುದೇನು? ಅಣ್ಣನು ತಮ್ಮನ ಪಾಲನ್ನು ನುಂಗುತ್ತಾನೆ. ಅತ್ತಿಗೆಯು ಸೊಸೆಯಾಗಿ ಬಂದವಳನ್ನು ಹತ್ತು ವರ್ಷ ನೋಯಿಸುತ್ತಾಳೆ. ಕಾಲಾನಂತರ ತಪ್ಪುಮಾಡಿದವರು ಮುಪ್ಪಿನಿಂದಲೋ ರೋಗದಿಂದಲೋ ಮೆತ್ತಗಾಗಿ ಬಾಗಿಲಿಗೆ ಬರುತ್ತಾರೆ. ಆಗ ಮನೆಯ ಹಿರಿಯನು ‘ಹೋಗಲಿ ಬಿಡು, ಆದದ್ದು ಆಯಿತು’ ಎನ್ನುತ್ತಾನೆ. ನೊಂದವಳು ಸುಮ್ಮನೆ ಒಳಗೆ ಹೋದರೆ ‘ಇವಳದು ಕಲ್ಲೆದೆ’ ಎಂಬ ಮಾತು ಬೇರೆ. ತಪ್ಪಿತಸ್ಥನಿಗೆ ಮಣೆ, ನೊಂದವಳಿಗೆ ಉಪದೇಶ! ಬಂದವರಿಗೆ ಊಟವನ್ನೂ ಔಷಧವನ್ನೂ ಕೊಡುವುದು ಹಿರಿಯನ ಧರ್ಮ. ಅದನ್ನು ಅವನು ಮಾಡಲಿ. ಆದರೆ ಅವಳ ಹೆಸರಿನಲ್ಲಿ ಕ್ಷಮೆಯ ಚೀಟಿಯನ್ನು ಬರೆದುಕೊಡಲು ಅವನಾರು?

ಪಾಠಶಾಲೆಯಲ್ಲಿ ಹುಡುಗರು ಹೊಡೆದಾಡಿಕೊಂಡಾಗ ನಾವು ಒಂದು ಕ್ರಮವನ್ನಿಟ್ಟುಕೊಂಡಿದ್ದೆವು. ಹೊಡೆದವನು ಬಡವನೋ ತಾಯಿಯಿಲ್ಲದವನೋ ಆಗಿದ್ದರೆ ಉಪಾಧ್ಯಾಯನ ಮನಸ್ಸು ಬೇಗ ಕರಗುವುದು. ಆದಕಾರಣ ಪೆಟ್ಟು ತಿಂದವನನ್ನೇ ಮೊದಲು ಕರೆಸುತ್ತಿದ್ದೆವು. ಅವನ ಮಾತನ್ನು ಕೇಳಿ, ನಾವು ಮಾಡಲಿರುವುದನ್ನು ಅವನಿಗೆ ತಿಳಿಸಿ, ಅವನು ಒಪ್ಪದಿದ್ದರೆ ಒಪ್ಪೆಂದು ಬಲಾತ್ಕರಿಸದೆ, ಶಿಕ್ಷೆಯನ್ನು ಹಗುರಮಾಡುತ್ತಿದ್ದೆವು. ಹಲವು ಹುಡುಗರು ತಿಂಗಳೊಳಗೆ ತಾವಾಗಿಯೇ ಜೊತೆಗೂಡಿ ಆಡತೊಡಗುವರು. ಕೆಲವರು ಕಡೆಯವರೆಗೂ ಮಾತನಾಡಲಿಲ್ಲ. ಅವರನ್ನು ಕೆಟ್ಟ ಹುಡುಗರೆಂದು ನಾವು ಎಣಿಸಲಿಲ್ಲ.

ನಮ್ಮ ಮನೆಯ ಹುಡುಗನು ಎರಡನೆಯ ಬಾರಿ ಲೋಗೇನನನ್ನು ಉಳಿಸಿ, ಆಲಿಸ್ಟರನು ಹೊರಟುಹೋದುದನ್ನು ಕಂಡು, ‘ಇವನಿಗೂ ಸಮಾಧಾನವಾಗುವಂತಹ ದಾರಿಯೊಂದು ಇರಬೇಕಾಗಿತ್ತು’ ಎಂದನು. ಆಟದಲ್ಲಿ ಅಂತಹ ದಾರಿಯಿಲ್ಲ. ಮನೆಯಲ್ಲಿ ಉಂಟು. ‘ಹೋಗಲಿ ಬಿಡು’ ಎನ್ನುವ ಮೊದಲು ಒಳಕೋಣೆಗೆ ಹೋಗಿ, ನೊಂದವರ ಪಕ್ಕದಲ್ಲಿ ಕುಳಿತು, ‘ನಿನಗೆ ಹೇಗೆ ತೋರುತ್ತದೆ?’ ಎಂದು ಕೇಳುವುದು. ಉತ್ತರವು ನಮಗೆ ಹಿಡಿಸದಂತಹುದಾದರೂ ಕೇಳಿಸಿಕೊಳ್ಳಬೇಕು.