ಪುದಿಯಾಪ್ಲೆಯ ಶೂ ಯಾರ ದುಡ್ಡಿನದ್ದು?

ಮದುವೆ ಮಾತುಕತೆ ಮುಗಿದ ಮೇಲೆ ಕೆಲವು ಮನೆಗಳಿಂದ ಮೆಲ್ಲನೆ ಒಂದು ಪಟ್ಟಿ ಬರುತ್ತದೆ: ಸೂಟು, ವಾಚು, ಶೂ. "ನಾವೇನೂ ಕೇಳುವುದಿಲ್ಲ, ಹುಡುಗನಿಗೆ ಒಳ್ಳೆ ಬ್ರ್ಯಾಂಡಿನದ್ದಾದರೆ ಚಂದ" ಎಂಬ ಮಾತೂ ಜೊತೆಗಿರುತ್ತದೆ. ಮಹರ್ ಕೊಡಬೇಕಾದವನು ಹುಡುಗ. ಅವನ ಕಾಲಿನ ಶೂವಿಗೆ ಹುಡುಗಿಯ ತಂದೆ ಯಾಕೆ ಸಾಲ ಮಾಡಬೇಕು? ಇದನ್ನು ಉಡುಗೊರೆ ಎನ್ನಬೇಡಿ. ನನ್ನ ಲೆಕ್ಕದಲ್ಲಿ ಇದು ವರದಕ್ಷಿಣೆಯೇ.

ಹೋಗಲಿ, ಆ ಶೂ ಉಪಯೋಗಕ್ಕಾದರೂ ಬರುತ್ತದೆಯೇ? ಕೇಳುವವರಿಗೆ ಬ್ರ್ಯಾಂಡ್ ಗೊತ್ತು, ಶೂ ಗೊತ್ತಿಲ್ಲ. ಲೇಸು ಕಟ್ಟುವ ಕಪ್ಪು ಶೂಗಳೆಲ್ಲ ಅವರಿಗೆ ಆಕ್ಸ್‌ಫರ್ಡ್. ವ್ಯತ್ಯಾಸ ನೋಡುವುದು ಸುಲಭ. ಲೇಸಿನ ತೂತುಗಳಿರುವ ಎರಡು ತುಂಡುಗಳನ್ನು ಮುಂಭಾಗದ ಚರ್ಮದ ಅಡಿಗೆ ಸೇರಿಸಿ ಹೊಲಿದಿದ್ದರೆ ಆಕ್ಸ್‌ಫರ್ಡ್. ಮೇಲೆ ಕೂರಿಸಿ ಹೊಲಿದಿದ್ದರೆ ಡರ್ಬಿ. ಡರ್ಬಿ ಅಗಲವಾಗಿ ತೆರೆಯುತ್ತದೆ, ದಪ್ಪ ಪಾದಕ್ಕೆ ಹಿತ. ಚುಕ್ಕಿ ತೂತುಗಳ ಬ್ರೋಗ್ ಬರೀ ಅಲಂಕಾರ, ಅದು ಎರಡರಲ್ಲೂ ಇರಬಹುದು. ಬಕ್ಕಲ್ ಇದ್ದರೆ ಮಾಂಕ್, ಲೇಸಿಲ್ಲದೆ ಕಾಲು ತೂರಿಸುವುದು ಲೋಫರ್. ಹರಡಿನವರೆಗೆ ಬಂದು ಪಕ್ಕದಲ್ಲಿ ಎಲಾಸ್ಟಿಕ್ ಇರುವುದು ಚೆಲ್ಸಿ ಬೂಟು. ಅದಕ್ಕೆ ಲಂಡನ್ನಿನ ಸ್ಪಾರ್ಕ್ಸ್-ಹಾಲ್ 1851ರಲ್ಲೇ ಪೇಟೆಂಟ್ ಪಡೆದಿದ್ದ.

ಸೂಟಿಗೆ ಆಕ್ಸ್‌ಫರ್ಡೇ ಶಿಷ್ಟ ಎನ್ನುವವರಿದ್ದಾರೆ. ಬೆಳಿಗ್ಗೆ ಕಟ್ಟಿದ ಲೇಸನ್ನು ರಾತ್ರಿ ಬಿಚ್ಚುವವರಿಗೆ ಆ ಮಾತು ಸರಿ. ನಾವು ವುಝೂವಿಗೆ ಬಿಚ್ಚಬೇಕು, ಮಸೀದಿ ಬಾಗಿಲಲ್ಲಿ ಬಿಚ್ಚಬೇಕು, ಮನೆ ಮೆಟ್ಟಿಲಲ್ಲಿ ಬಿಚ್ಚಬೇಕು. ಜುಮಾದ ದಿನ ಮಸೀದಿಯ ಹೊರಗೆ ನೋಡಿ: ದುಬಾರಿ ಶೂಗಳ ಹಿಮ್ಮಡಿ ಚಪ್ಪಲಿಯಂತೆ ತುಳಿದು ಚಪ್ಪಟೆಯಾಗಿರುತ್ತದೆ. ನಮ್ಮ ಬದುಕಿಗೆ ಲೋಫರ್ ಅಥವಾ ಚೆಲ್ಸಿಯೇ ಸರಿ.

ಇನ್ನು ನಮ್ಮ ಕರಾವಳಿಯ ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು. ಮದುವೆಯ ಮರುದಿನ ಪೆಟ್ಟಿಗೆ ಸೇರಿದ ಶೂವಿಗೆ ಬೂಷ್ಟು ಹಿಡಿಯುತ್ತದೆ. ಪಾಲಿಯುರೆಥೇನ್ ಅಟ್ಟೆಯಾದರೆ ತೇವಕ್ಕೆ ಹಾಕದೆಯೇ ಪುಡಿಯಾಗುತ್ತದೆ. ಹೊಲಿದ ಅಟ್ಟೆಯನ್ನಾದರೆ ಬದಲಿಸಬಹುದು. ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದ ಪ್ರವಾದಿಯವರ ಉಮ್ಮತ್ ನಾವು. ರಿಪೇರಿ ಮಾಡಿಸಲು ನಾಚಿಕೆ ಯಾಕೆ?

ಹುಡುಗರೇ, ಶೂ ಬೇಕೆಂದರೆ ನಿಮ್ಮ ಸಂಬಳದಲ್ಲಿ ತೆಗೆದುಕೊಳ್ಳಿ. ರಾಜ್ಯ ಸರ್ಕಾರದ್ದೇ ಲಿಡ್‌ಕರ್ 1976ರಿಂದ ಇದೆ, ಅಲ್ಲೂ ಚರ್ಮದ ಶೂ ಸಿಗುತ್ತದೆ. ತಾಯಂದಿರೇ, ಮುಂದಿನ ಮಾತುಕತೆಗೆ ಹೋಗುವ ಮೊದಲು ಆ ಪಟ್ಟಿಯನ್ನು ಹರಿದು ಹಾಕಿ.