ಕಾವಲು ಯಾರಿಗೆ, ಕೀಲಿ ಯಾರ ಕೈಯಲ್ಲಿ?



ಸಿಸಿಟಿವಿ ಕ್ಯಾಮೆರಾ ಈಗ ಬ್ಯಾಂಕು, ಚಿನ್ನದಂಗಡಿಗಳಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಸಾಮಾನ್ಯರ ಮನೆಗಳಿಗೂ ಬಂದಿದೆ. ಕಳ್ಳರ ಭಯ, ಒಂಟಿಯಾಗಿರುವ ವೃದ್ಧರ ಚಿಂತೆ, ಬೀಗ ಹಾಕಿ ಊರಿಗೆ ಹೋದಾಗಿನ ಆತಂಕ, ಇವೆಲ್ಲ ನ್ಯಾಯವಾದ ಕಾರಣಗಳೇ. ಇಂಟರ್‌ನೆಟ್ ಸಂಪರ್ಕವೂ ಸೇರಿದರೆ ದುಬೈಯಲ್ಲಿ ಕುಳಿತವರು ಹುಬ್ಬಳ್ಳಿಯ ಮನೆಯ ಅಂಗಳವನ್ನು ಮೊಬೈಲಿನಲ್ಲಿ ನೋಡಬಹುದು. ಇದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮನೆಯೊಳಕ್ಕೆ ಬಿಟ್ಟುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ನೋಡುವವರು ಯಾರು?

ತಂತ್ರಜ್ಞಾನ ನಮಗೆ ತಿಳಿಯದು ಎಂದು ದೂರ ಸರಿಯುವುದೇ ಮೊದಲ ಸೋಲು. ಸಂಗತಿ ಅಷ್ಟು ಕಠಿಣವಲ್ಲ. ಕ್ಯಾಮೆರಾ ಕಂಡದ್ದು ರೆಕಾರ್ಡರ್ ಪೆಟ್ಟಿಗೆಯ ಹಾರ್ಡ್ ಡಿಸ್ಕಿನಲ್ಲೋ ಸಣ್ಣ ಮೆಮೊರಿ ಕಾರ್ಡಿನಲ್ಲೋ ದಾಖಲಾಗುತ್ತದೆ. ಮನೆಯ ವೈಫೈ ರೂಟರ್ ಮೂಲಕ ಅದು ಇಂಟರ್‌ನೆಟ್ಟಿಗೆ ಸೇರುತ್ತದೆ. ಸಾಮಾನ್ಯವಾಗಿ ಪೆಟ್ಟಿಗೆಯ ಮೇಲಿನ ಕ್ಯೂಆರ್ ಕೋಡನ್ನು ಮೊಬೈಲ್ ಆ್ಯಪಿನಿಂದ ಸ್ಕ್ಯಾನ್ ಮಾಡಿ ಪಾಸ್‌ವರ್ಡ್ ಇಟ್ಟರೆ ದೂರದಿಂದ ನೋಡಲು ಸಾಧ್ಯವಾಗುತ್ತದೆ. ಅನೇಕ ಆ್ಯಪ್‌ಗಳಲ್ಲಿ ಮೊದಲು ಯಾರ ಖಾತೆಗೆ ಸೇರಿಸಲಾಯಿತೋ ಅವರೇ ಯಜಮಾನರು. ಇನ್ನೊಬ್ಬರಿಗೆ ನೋಡಲು ಅನುಮತಿ ಕೊಡುವವರೂ ಅವರೇ, ಕಿತ್ತುಕೊಳ್ಳುವವರೂ ಅವರೇ. ಹಲವು ಕ್ಯಾಮೆರಾಗಳಿಗೆ ಕಣ್ಣಿನ ಜೊತೆಗೆ ಕಿವಿಯೂ ಇದೆ.

ಆ ಮೊದಲ ಮೊಬೈಲು ಯಾರದು? ಗಂಡನದೋ, ಮೈದುನನದೋ, ಕ್ಯಾಮೆರಾ ಹಾಕಲು ಬಂದ ಹುಡುಗನದೋ? ದಿನವಿಡೀ ಕ್ಯಾಮೆರಾದ ಮುಂದೆ ಓಡಾಡುವವಳ ಮೊಬೈಲಿನಲ್ಲಿ ಆ ಆ್ಯಪ್ ಇದೆಯೆ? ಯಜಮಾನಿಕೆ ಎಂಬುದು ಮನೆಯ ಪತ್ರದಿಂದ ಕ್ಯಾಮೆರಾದ ಪಾಸ್‌ವರ್ಡಿಗೂ ದಾಟಿಕೊಂಡಿದೆ.

ಬೀದಿ ಬಾಗಿಲಿಗೆ ಮುಖ ಮಾಡಿದ ಕ್ಯಾಮೆರಾ ಕಾವಲು. ಅದೇ ಕ್ಯಾಮೆರಾ ಅಡುಗೆಮನೆಯತ್ತ ತಿರುಗಿದರೆ ಪಹರೆ. ಸೊಸೆ ಯಾರೊಡನೆ ಮಾತಾಡಿದಳು, ಎಷ್ಟು ಹೊತ್ತು ಮಲಗಿದಳು, ತವರಿನಿಂದ ಬಂದ ಅಣ್ಣ ಏನು ತಂದ, ಬರಿಗೈಯಲ್ಲಿ ಬಂದನೆ ಎಂದು ನೋಡಲು ಹಿಂದೆ ಮನೆಯಲ್ಲಿ ಯಾರಾದರೂ ಕಾದು ಕೂರಬೇಕಿತ್ತು. ಆ ಕಣ್ಣಿಗೆ ನಿದ್ದೆಯಾದರೂ ಬರುತ್ತಿತ್ತು. ಈ ಕಣ್ಣಿಗೆ ನಿದ್ದೆಯಿಲ್ಲ. ರಕ್ಷಣೆಯ ಹೆಸರಿನಲ್ಲಿ ಬಂದದ್ದು ದೌರ್ಜನ್ಯದ ಉಪಕರಣವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಕಾನೂನು ಈ ವಿಷಯದಲ್ಲಿ ಕುರುಡಾಗಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ನೆನಪಿರಲಿ. ಕೋಲ್ಕತ್ತದ ಒಂದೇ ಮನೆಯಲ್ಲಿದ್ದ ಇಬ್ಬರು ಸೋದರರ ವ್ಯಾಜ್ಯದಲ್ಲಿ, ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದೇ ವರ್ಷ ಆ ತೀರ್ಪನ್ನು ಹಾಗೆಯೇ ಉಳಿಸಿತು. ಹೆಣ್ಣೊಬ್ಬಳನ್ನು ಆಕೆಯ ಖಾಸಗಿ ಕ್ಷಣಗಳಲ್ಲಿ ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಮಾನಸಿಕ ಹಿಂಸೆಯನ್ನೂ ಹಿಂಸೆಯೆಂದೇ ಗುರುತಿಸುತ್ತದೆ. ಹಗಲಿರುಳು ಬೆನ್ನಿಗೆ ಕಣ್ಣು ಅಂಟಿಸುವುದು ಮಾನಸಿಕ ಹಿಂಸೆಯಲ್ಲದೆ ಇನ್ನೇನು?

ಇದಕ್ಕೆ ಇನ್ನೊಂದು ಮುಖವೂ ಉಂಟು. ನಾಲ್ಕು ಗೋಡೆಗಳ ನಡುವಿನ ಹೊಡೆತಕ್ಕೆ ಸಾಕ್ಷಿಯಿಲ್ಲ ಎಂಬುದು ನಮ್ಮ ಹಳೆಯ ಗೋಳು. ಕ್ಯಾಮೆರಾ ಆ ಸಾಕ್ಷಿಯಾಗಬಲ್ಲದು. ಆದರೆ ಡಿಸ್ಕು ತುಂಬಿದಂತೆ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತವೆ. ಪಾಸ್‌ವರ್ಡ್ ಇರುವವನು ಅಳಿಸಿಯೂ ಹಾಕಬಲ್ಲ. ಹೊಡೆದವನ ಕೈಯಲ್ಲೇ ಸಾಕ್ಷಿ ಇದ್ದರೆ ಅದು ಯಾರ ಪರ ನುಡಿದೀತು? ದೃಶ್ಯ ಸಿಕ್ಕರೂ ನ್ಯಾಯಾಲಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಒಪ್ಪಿಸಬೇಕು. ಆದ್ದರಿಂದ ತಡಮಾಡದೆ ವಕೀಲರನ್ನು ಕೇಳಬೇಕು.

ಹಾಗಾದರೆ ಮಾಡಬೇಕಾದ್ದೇನು? ಕ್ಯಾಮೆರಾ ಹಾಕಿಸುವ ದಿನವೇ ಮಾತು ತೆಗೆಯಿರಿ. ಬಾಗಿಲಿಗೆ, ಅಂಗಳಕ್ಕೆ ಇರಲಿ. ಮಲಗುವ ಕೋಣೆಗೆ, ಅಡುಗೆಮನೆಗೆ, ಬಚ್ಚಲಿನ ಕಡೆಗೆ ಬೇಡ. ಆ್ಯಪ್ ನಿಮ್ಮ ಮೊಬೈಲಿನಲ್ಲೂ ಇರಲಿ, ಪಾಸ್‌ವರ್ಡ್ ನಿಮಗೂ ತಿಳಿದಿರಲಿ. ಯಾರು ಯಾರು ನೋಡಬಹುದು ಎಂಬ ಪಟ್ಟಿ ಆ್ಯಪಿನಲ್ಲೇ ಇರುತ್ತದೆ. ತೋರಿಸಿ ಎಂದು ಕೇಳಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹಾಗೆ ಬದಲಿಸದೆ ಬಿಟ್ಟ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡಿತು, ಕ್ಯಾಮೆರಾಗಳೂ ಅದರಲ್ಲಿದ್ದವು.

ಆದರೆ ಕೈಮಾಡುವ ಗಂಡನಿರುವ ಮನೆಯಲ್ಲಿ ಒಬ್ಬಳೇ ಹೋಗಿ ಕ್ಯಾಮೆರಾ ಕೀಳುವುದು, ಪಾಸ್‌ವರ್ಡ್ ಬದಲಿಸುವುದು ಅಪಾಯ. ಅವನಿಗೆ ಕೂಡಲೇ ಗೊತ್ತಾಗಬಹುದು. ಮೊದಲು ಕ್ಯಾಮೆರಾದ ಕಣ್ಣು ಕಿವಿಗೆ ಸಿಗದ ಜಾಗದಲ್ಲಿ, ಬೇರೆಯವರ ಫೋನಿನಿಂದ, 181 ಮಹಿಳಾ ಸಹಾಯವಾಣಿಗೋ ಸಾಂತ್ವನ ಕೇಂದ್ರಕ್ಕೋ ವಿಷಯ ತಿಳಿಸಲಿ. ಪ್ರಾಣಭಯವಿದ್ದರೆ 112.

ನಮ್ಮ ಸ್ವಸಹಾಯ ಸಂಘಗಳು ಹೆಣ್ಣಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿದವು, ಪಾಸ್‌ಬುಕ್ಕನ್ನು ಅವಳ ಕೈಗೇ ಕೊಡಿಸಿದವು. ಆ ಹೋರಾಟ ಸಣ್ಣದೇನಲ್ಲ. ಪಾಸ್‌ವರ್ಡ್ ಈ ಕಾಲದ ಪಾಸ್‌ಬುಕ್ಕು. ಮುಂದಿನ ವಾರದ ಸಭೆಯಲ್ಲಿ ಸಾಲ, ಕಂತುಗಳ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಿ. ಓದಿದ ಮಗಳೊಬ್ಬಳನ್ನು ಕರೆಸಿ ಆ್ಯಪ್ ತೆರೆದು ನೋಡಲು ಕಲಿಯಿರಿ. ಮನೆಯನ್ನು ಕಾಯುವ ಕಣ್ಣು ಮನೆಯವಳ ಅಂಕೆಯಲ್ಲೂ ಇರಬೇಕು. ಇಲ್ಲವಾದರೆ ಅದು ಅವಳಿಗೆ ಕಾವಲಲ್ಲ, ಸೆರೆ.