ಓಪಿ ಚೀಟಿಯಲ್ಲಿ ಇಲ್ಲದ ಪ್ರಶ್ನೆಗಳು



ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆಯಬೇಕಾದ್ರೆ ನಾವು ಕೆಲಸ, ಆದಾಯ, ವಿಳಾಸ, ನಾಮಿನಿ ಎಲ್ಲಾ ಕೇಳ್ತೇವೆ. ಆಸ್ಪತ್ರೆಗೆ ಬಂದ ಮಗುವಿನ ಚೀಟಿಯಲ್ಲಿ ಹೆಚ್ಚಾಗಿ ಹೆಸರು, ವಯಸ್ಸು, ಊರು ಬರೆದರೆ ಮುಗೀತು. ಮನೆಯಲ್ಲಿ ಹೊಟ್ಟೆ ತುಂಬ ಊಟ ಉಂಟಾ? ಮುಂದಿನ ವಾರ ಮತ್ತೆ ಬರಲಿಕ್ಕೆ ಬಸ್ಸಿನ ದುಡ್ಡು ಉಂಟಾ? ಮಗುವಿನ ಹತ್ತಿರ ಕೂತರೆ ಅಮ್ಮನ ಕೂಲಿ ಹೋಗ್ತದಾ? ಶಾಲೆಗೆ ಹೋಗದೆ ಎಷ್ಟು ದಿನ ಆಯ್ತು? ಇದನ್ನು ಕೇಳುವವರು ಯಾರು?

"ಇದೆಲ್ಲ ಡಾಕ್ಟ್ರ ಕೆಲಸವಾ?" ಅನ್ನಬಹುದು. ಊಟ ಸಾಲದ ಮಗುವಿಗೆ ಬರೀ ಟಾನಿಕ್ ಬರೆದುಕೊಟ್ಟರೆ ಏನು ಪ್ರಯೋಜನ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲೇ, ಮನೆಯಲ್ಲಿ ಆಹಾರ ಸಾಲದೆ ಬಂತಾ ಅಂತ ಎರಡು ಪ್ರಶ್ನೆ ಕೇಳಿ ತಿಳಿದುಕೊಳ್ಳಿ ಅಂತ ತನ್ನ ವೈದ್ಯರಿಗೆ ಹೇಳಿತು.

ಅಷ್ಟು ದೂರ ಯಾಕೆ? ನಮ್ಮ ಎಣ್ಮಕಜೆಯನ್ನೇ ನೋಡಿ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆಯ ಡಾ. ವೈ.ಎಸ್. ಮೋಹನ್ ಕುಮಾರ್ ರೋಗದ ಜೊತೆ ರೋಗಿಯ ಮನೆ, ನೆರೆಕರೆಯನ್ನೂ ಗಮನಿಸಿದ್ದರಿಂದಲೇ ಆ ವಿಷಯ ಹೊರಗೆ ಬಂತು. ಮನೆಯ ಸ್ಥಿತಿ ವಿಚಾರಿಸುವುದೂ ಚಿಕಿತ್ಸೆಯ ಭಾಗ ಅನ್ನಲಿಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಂಟು. ಹುಟ್ಟಿನ ದೋಷ, ಕಾಯಿಲೆ, ಪೋಷಕಾಂಶದ ಕೊರತೆ, ಬೆಳವಣಿಗೆಯ ವಿಳಂಬ ನೋಡ್ತಾರೆ. ಅದರ ಜೊತೆಗೆ ಮನೆಯ ಬಗ್ಗೆ ನಾಲ್ಕು ಪ್ರಶ್ನೆ ಸೇರಿಸುವುದು ದೊಡ್ಡ ಖರ್ಚಿನ ಕೆಲಸ ಅಲ್ಲ.

ಆದರೆ ಎರಡು ಷರತ್ತು. ಒಂದು, ಪ್ರಶ್ನೆ ಮನೆಮಾತಿನಲ್ಲೇ ಇರಬೇಕು. ಕನ್ನಡ, ತುಳು ಮಾತ್ರ ಬರುವ ಅಮ್ಮನಿಗೆ ಮಲಯಾಳದಲ್ಲಿ ಕೇಳಿದರೆ ಆಕೆ ತಲೆ ಆಡಿಸಿ ಬಂದುಬಿಡ್ತಾಳೆ. ತನ್ನ ಬಡತನವನ್ನು ಪರಭಾಷೆಯಲ್ಲಿ ಹೇಳಿಕೊಳ್ಳುವುದು ಸುಲಭ ಇಲ್ಲ. ಎರಡು, ಕೇಳಿದ ಮೇಲೆ ರೇಷನ್, ಪಿಂಚಣಿ, ಶಾಲೆ ಅಂತ ದಾರಿ ತೋರಿಸುವ ಒಬ್ಬ ಸಮಾಜ ಕಾರ್ಯಕರ್ತ ಅಲ್ಲೇ ಇರಬೇಕು. ಸಹಾಯ ಮಾಡದೆ ಬರೀ ಕೇಳುವುದು ಗಾಯ ಕೆದಕಿದ ಹಾಗೆ. ಹದಿಹರೆಯದವರನ್ನು ಪ್ರತ್ಯೇಕವಾಗಿ ಕೇಳಬೇಕು; ಹೇಳಿದ್ದು ಗುಟ್ಟಾಗಿ ಉಳೀಬೇಕು.

ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ನಡೆಸುವುದು ಗ್ರಾಮ ಪಂಚಾಯತು. 1969ರ ಆಡಳಿತ ಭಾಷಾ ಕಾಯ್ದೆ ಪ್ರಕಾರ ನಾವು ಕನ್ನಡದಲ್ಲೇ ಅರ್ಜಿ ಕೊಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮುಂದಿನ ಗ್ರಾಮಸಭೆಗೆ ಹೋಗುವಾಗ ಈ ಬೇಡಿಕೆಯನ್ನು ಬರೆದುಕೊಂಡೇ ಹೋಗಿ.